ಕಪ್ಪು, ಧರೆ, ಅಗಳು: ಮಳೆಗಾಲಕ್ಕೆ ಮುನ್ನ ಓದುಗರ ಪ್ರಶ್ನೆಗಳು

ಯುಗಾದಿ ಕಳೆದು ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಮಲೆನಾಡಿನಲ್ಲಿ ಗುದ್ದಲಿ, ಹಾರೆಗಳಿಗೆ ಬಿಡುವಿರುವುದಿಲ್ಲ. ತೋಟದ ಕಪ್ಪು (ಗಿಡದ ಸಾಲುಗಳ ನಡುವೆ ನೀರು ಬಸಿದು ಹೋಗುವ ಕಾಲುವೆ) ಬಿಡಿಸುವವರು, ಗುಡ್ಡದಲ್ಲಿ ಇಂಗುಗುಂಡಿ ತೆಗೆಸುವವರು, ಮನೆಗೆ ನೀರಿನ ಪೈಪು ಹೂಳಿಸುವವರು ಎಲ್ಲರೂ ಮೃಗಶಿರಾ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸುವ ಆತುರದಲ್ಲಿರುತ್ತಾರೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಲ ತೋಡುವ ಕೆಲಸಕ್ಕೇ ಸಂಬಂಧಿಸಿದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಎರಡು ಎಕರೆ ಗದ್ದೆಯನ್ನು ಅಡಿಕೆ ತೋಟ ಮಾಡುತ್ತಿದ್ದೇವೆ. ಕಪ್ಪನ್ನು ಎಷ್ಟು ಆಳಕ್ಕೆ, ಎಷ್ಟು ಸಾಲಿಗೆ ಒಂದರಂತೆ ತೆಗೆಯಬೇಕು? ಜೆಸಿಬಿಯಲ್ಲಿ ಮಾಡಿಸಬಹುದೇ? (ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಗದ್ದೆಯನ್ನು ತೋಟ ಮಾಡುವವರು ಸಸಿ ತರುವುದಕ್ಕೂ ಮೊದಲು ನೀರು ಹೊರಹೋಗುವ ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ತಲೆಮಾರುಗಳಿಂದ ನೀರು ನಿಲ್ಲಿಸಿ ಕೆಸರು ತುಳಿದ ನೆಲವಾದ್ದರಿಂದ ಮುಕ್ಕಾಲು ಅಡಿ ಕೆಳಗೇ ನೀರಿಳಿಯದ ಹೆಪ್ಪು ಪದರ ಕೂತಿರುತ್ತದೆ. ಭತ್ತಕ್ಕೆ ಬೇಕಾದ ಗುಣವೇ ಅಡಿಕೆಗೆ ಕಂಟಕ.

ಅಡಿಕೆ ಸಸಿ ನೆಡುವ ಗುಂಡಿಯ ಉದ್ದ, ಅಗಲ, ಆಳ ಮೂರೂ ಸಾಮಾನ್ಯವಾಗಿ 90 ಸೆಂಟಿಮೀಟರ್ ಇರುತ್ತವೆ. ಗಿಡದಿಂದ ಗಿಡಕ್ಕೆ ಅಂತರ 2.7 ಮೀಟರ್. ಕಪ್ಪಿನ ತಳ ಈ ಗುಂಡಿಯ ತಳಕ್ಕಿಂತ 15ರಿಂದ 30 ಸೆಂಟಿಮೀಟರ್ ಕೆಳಗಿರಬೇಕು. ಇಲ್ಲವಾದರೆ ಕಪ್ಪಿನಲ್ಲಿ ನೀರು ಹರಿಯುತ್ತಿದ್ದರೂ ಗುಂಡಿಯೊಳಗಿನ ನೀರು ಬಸಿಯದೆ ಬೇರು ಮಳೆಗಾಲವಿಡೀ ಅದರಲ್ಲೇ ನೆನೆಯುತ್ತಿರುತ್ತದೆ. ಹಾಗಾಗಿ ಕಪ್ಪಿನ ಆಳ ಮೂರೂವರೆ ಅಡಿಯಿಂದ ನಾಲ್ಕು ಅಡಿ ಎಂದು ಹಿಡಿಯಿರಿ. ಜಂಬಿಟ್ಟಿಗೆಯ ಹಗುರ ನೆಲವಾಗಿದ್ದರೆ ಎರಡು ಸಾಲಿಗೆ ಒಂದು ಕಪ್ಪು ಸಾಕಾಗುತ್ತಿತ್ತು. ನಿಮ್ಮದು ಗದ್ದೆಯ ಅಂಟುಮಣ್ಣಾದ್ದರಿಂದ ಸಾಲಿಗೊಂದರಂತೆ ತೆಗೆಯುವುದೇ ಸರಿ.

ತೋಡುವುದನ್ನು ಕೆಳಗಿನ ತುದಿಯಿಂದ, ಅಂದರೆ ನೀರು ಹಳ್ಳಕ್ಕೆ ಬೀಳುವ ಬಾಯಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೇಲಿನಿಂದ ಶುರುಮಾಡಿದರೆ ಒಸರು ನೀರೆಲ್ಲ ಕೆಲಸಗಾರರ ಕಾಲ ಬುಡದಲ್ಲೇ ನಿಂತು, ಕೆಸರಿನಲ್ಲಿ ಮಟ್ಟ ಸಿಗದೆ, ಕೊನೆಗೆ ಬಾಯಿಯ ಹತ್ತಿರ ಬಂದಾಗ ತಳವೇ ಎತ್ತರವಾಗಿ ಉಳಿದಿರುವುದು ಗೊತ್ತಾಗುತ್ತದೆ. ಹತ್ತು ಮೀಟರಿಗೆ ಐದಾರು ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟರೆ ನೀರು ಸಾಗುತ್ತದೆ, ತಳವನ್ನು ಕೊರೆಯುವುದಿಲ್ಲ. ನೆಲವೇ ಹೆಚ್ಚು ಇಳಿಜಾರಾಗಿರುವ ಕಡೆ ಕಪ್ಪಿನೊಳಗೆ ಅಲ್ಲಲ್ಲಿ ಕಾಡುಗಲ್ಲು ಜೋಡಿಸಿ ಮೆಟ್ಟಿಲು ಮಾಡಿ.

ಸಸಿ ನೆಡುವ ಮುನ್ನ, ನೆಲ ಒಣಗಿರುವಾಗ ಜೆಸಿಬಿ ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ಫಸಲು ಕೊಡುವ ತೋಟದೊಳಗೆ ಅದನ್ನು ಇಳಿಸಬೇಡಿ. ಅಡಿಕೆಯ ಬೇರುಗಳಲ್ಲಿ ಬಹುಪಾಲು ಬುಡದಿಂದ ಒಂದು ಮೀಟರ್ ಒಳಗೆ, ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಯಂತ್ರದ ಬಕೆಟ್ಟು ಅವನ್ನು ಹರಿಯುತ್ತದೆ, ಚಕ್ರ ಉಳಿದ ನೆಲವನ್ನು ಅದುಮುತ್ತದೆ. ಹಳೆಯ ತೋಟದ ಕಪ್ಪನ್ನು ಗುದ್ದಲಿಯಲ್ಲೇ ಬಿಡಿಸಬೇಕು.

ಜುಲೈ ತಿಂಗಳಲ್ಲಿ ಮಳೆ ಸ್ವಲ್ಪ ಹೊಳವಾದ ದಿನ ಕಪ್ಪಿನ ಅಂಚಿನಲ್ಲಿ ಕೂತು ಅದರ ಗೋಡೆಯನ್ನು ಗಮನಿಸಿ. ಚೆನ್ನಾಗಿ ಬಸಿಯುತ್ತಿರುವ ಕಪ್ಪಿನ ಗೋಡೆಯಿಂದ ತಿಳಿನೀರು ಹನಿಹನಿಯಾಗಿ ಜಿನುಗುತ್ತಿರುತ್ತದೆ. ಆ ನೀರು ಕೆಂಪಗೆ ಬರುತ್ತಿದ್ದರೆ ಮಣ್ಣು ಕರಗಿ ಹೋಗುತ್ತಿದೆ ಎಂದು ತಿಳಿದು ಅಲ್ಲಿ ಕಲ್ಲು ಕಟ್ಟಬೇಕು. ಏನೂ ಜಿನುಗದೆ ಗಿಡದ ಬುಡ ಮಾತ್ರ ಜೌಗಾಗಿದ್ದರೆ ಕಪ್ಪಿನ ಆಳ ಸಾಲದು. ಬಿದ್ದ ಹಾಳೆ, ಸೋಗೆ ಕಪ್ಪಿನ ಬಾಯಿಗೆ ಅಡ್ಡಲಾಗಿ ಕೂತರೆ ಒಂದೇ ರಾತ್ರಿಯ ಜಡಿಮಳೆಗೆ ಇಡೀ ಸಾಲು ತುಂಬಿಕೊಳ್ಳುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ವಾರಕ್ಕೊಮ್ಮೆಯಾದರೂ ಕಪ್ಪು ನೋಡಿ ಬರುವುದು ವಾಡಿಕೆಯಾಗಬೇಕು.

ಪ್ರಶ್ನೆ: ನಮ್ಮ ತೋಟದಲ್ಲಿ ಎರಡು ಮರಗಳಿಗೆ ಅಣಬೆ ರೋಗ ತಗುಲಿದೆ. ಸುತ್ತ ಕಾಲುವೆ ತೋಡಬೇಕೆಂದು ಹೇಳುತ್ತಾರೆ. ಇದರಿಂದ ಪ್ರಯೋಜನವಿದೆಯೇ? (ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಇದೆ. ಈ ರೋಗ ಒಂದು ಮರದ ಬೇರಿನಿಂದ ಪಕ್ಕದ ಮರದ ಬೇರಿಗೆ ಮಣ್ಣಿನೊಳಗಿಂದಲೇ ದಾಟುತ್ತದೆ. ರೋಗ ಬಂದ ಮರದ ಬುಡದಿಂದ ಒಂದು ಮೀಟರ್ ದೂರದಲ್ಲಿ ಸುತ್ತಲೂ 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಕಾಲುವೆ ತೆಗೆದು ಅದನ್ನು ಪ್ರತ್ಯೇಕಿಸಿ. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಬೇಕು. ಆ ಕಾಲುವೆಯ ಮಣ್ಣನ್ನು ಬೇರೆ ಗಿಡಗಳ ಬುಡಕ್ಕೆ ಹಾಕಬಾರದು, ಅದರ ನೀರನ್ನು ತೋಟದ ಕಪ್ಪಿಗೆ ಬಿಡಲೂ ಬಾರದು.

ಪ್ರಶ್ನೆ: ಕೆರೆಯಿಂದ ಮನೆಗೆ ಪೈಪು ತರಲು ಏಳು ಅಡಿ ಆಳದ ಟ್ರೆಂಚು ತೆಗೆಸುತ್ತಿದ್ದೇವೆ, ನಡುವೆ ದಿಬ್ಬವಿರುವುದರಿಂದ ಅಷ್ಟು ಆಳ ಅನಿವಾರ್ಯ. ಮಣ್ಣು ಗಟ್ಟಿಯಿದೆ, ಏನೂ ಆಗುವುದಿಲ್ಲ ಎಂದು ಮೇಸ್ತ್ರಿ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಅಸಮಾಧಾನವೇ ಸರಿ. ಮೇಸ್ತ್ರಿಯವರ ಮಾತಿಗಾಗಿ ಯಾರನ್ನೂ ಆ ಟ್ರೆಂಚಿಗೆ ಇಳಿಸಬೇಡಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಆಳದ ಟ್ರೆಂಚಿನಲ್ಲಿ ಪೈಪು ಕೂರಿಸುವ ಕೆಲಸ ನಡೆಯುತ್ತಿತ್ತು. ಗೋಡೆ ಕತ್ತಿಯಲ್ಲಿ ಕೊಯ್ದಂತೆ ನೆಟ್ಟಗೆ, ನುಣ್ಣಗೆ ನಿಂತಿತ್ತು. ನಾವೆಲ್ಲ ಅದನ್ನು ಕಂಡು ಕೆಲಸ ಚೆನ್ನಾಗಿದೆ ಎಂದುಕೊಂಡೆವು. ಹಿಂದಿನ ಸಂಜೆ ಅರ್ಧ ಗಂಟೆ ಮಳೆ ಬಂದಿತ್ತು. ಬೆಳಿಗ್ಗೆ ಅಂಚಿನಿಂದ ನಾಲ್ಕು ಅಡಿ ಹಿಂದೆ, ಟ್ರೆಂಚಿನ ಉದ್ದಕ್ಕೂ, ಅಡಿಕೆ ಸಿಪ್ಪೆಯ ನಾರಿನಷ್ಟು ಸಣ್ಣ ಬಿರುಕೊಂದು ಹುಲ್ಲಿನ ನಡುವೆ ಕಾಣುತ್ತಿತ್ತು. ಅದನ್ನು ನಾನು ನೋಡಿದೆ, ದಾಟಿಕೊಂಡು ಹೋದೆ. ಹತ್ತೂವರೆ ಗಂಟೆಗೆ ಆ ಬಿರುಕಿನಿಂದ ಈಚೆಗಿನ ಮಣ್ಣು ಒಂದೇ ಹಲಗೆಯಂತೆ ಕಳಚಿ ಬಿತ್ತು. ಒಳಗಿದ್ದ ಕೆಲಸಗಾರರೊಬ್ಬರು ಸೊಂಟದವರೆಗೆ ಹೂತುಹೋದರು. ಅವರನ್ನು ಬಿಡಿಸಲು ಆರು ಜನರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಜೀವ ಉಳಿಯಿತು, ಎಡಗಾಲು ಮೊದಲಿನಂತೆ ಆಗಲಿಲ್ಲ. ಆ ಬಿರುಕಿನ ಅರ್ಥ ತಿಳಿಯದ ನನ್ನನ್ನು ಆ ಕೆಲಸಕ್ಕೆ ನಿಲ್ಲಿಸಿದ್ದೂ, ತಿಳಿಯದೆ ನಾನು ನಿಂತದ್ದೂ ತಪ್ಪೇ.

ಅಗೆಯುವ ಮೊದಲು ಮಣ್ಣಿನ ಪ್ರತಿ ಭಾಗವನ್ನೂ ಪಕ್ಕದ ಮಣ್ಣು ಒತ್ತಿ ಹಿಡಿದಿರುತ್ತದೆ. ಟ್ರೆಂಚು ತೆಗೆದಾಗ ಒಂದು ಕಡೆಯ ಆಸರೆ ಇಲ್ಲವಾಗಿ, ಗೋಡೆ ನಿಧಾನವಾಗಿ ಒಳಕ್ಕೆ ವಾಲತೊಡಗುತ್ತದೆ. ಆಳದ ಅರ್ಧದಿಂದ ಮುಕ್ಕಾಲು ಪಾಲಿನಷ್ಟು ಹಿಂದೆ, ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಡುವುದು ಇದರ ಮೊದಲ ಗುರುತು. ಒಂದು ಘನ ಮೀಟರ್ ಮಣ್ಣು ಸುಮಾರು 1,600ರಿಂದ 1,800 ಕಿಲೊ ತೂಗುತ್ತದೆ. ಮೂವತ್ತಕ್ಕೂ ಹೆಚ್ಚು ಸಿಮೆಂಟ್ ಚೀಲಗಳು ಒಟ್ಟಿಗೆ ಮೈಮೇಲೆ ಬಿದ್ದಂತೆ. ಬೀಳುವುದು ಗೊತ್ತಾದ ಮೇಲೆ ಓಡಲು ಸಮಯ ಸಿಗುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಮೋಸವಿದೆ. ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿ, ಹಳದಿ ಅಥವಾ ನಸುಗೆಂಪಿನ ಶೇಡಿ ಮಣ್ಣು ಇರುವ ಜಾಗಗಳು ಬಹಳ. ಬೆರಳಿನಲ್ಲಿ ತಿಕ್ಕಿದರೆ ಹಿಟ್ಟಿನಂತೆ ನುಣುಪಾಗಿರುವ ಈ ಮಣ್ಣು ಒಣಗಿದ್ದಾಗ ಹಾರೆಗೂ ಬಗ್ಗದಷ್ಟು ಬಿಗಿಯಾಗಿರುತ್ತದೆ, ನೀರು ಹೀರಿದ ಮೇಲೆ ಎಲ್ಲ ಬಲವನ್ನೂ ಕಳೆದುಕೊಳ್ಳುತ್ತದೆ. ಮಾರ್ಚ್ ತಿಂಗಳಲ್ಲಿ ಗಟ್ಟಿಯೆಂದು ಕಂಡ ಗೋಡೆಯನ್ನು ಜೂನ್ ತಿಂಗಳಲ್ಲಿ ನಂಬುವಂತಿಲ್ಲ ಎನ್ನುವುದಕ್ಕೆ ಕಾರಣ ಇದೇ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳ ಸುರಕ್ಷತಾ ನಿಯಮಗಳ ಪ್ರಕಾರ 1.5 ಮೀಟರ್, ಅಂದರೆ ಐದು ಅಡಿ ಅಥವಾ ಅದಕ್ಕಿಂತ ಆಳವಾದ ಟ್ರೆಂಚಿನ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಕಡಿದು ಇಳಿಜಾರು ಮಾಡಬೇಕು, ಇಲ್ಲವೇ ಮರದ ಆಸರೆ ಕೊಟ್ಟು ಭದ್ರಪಡಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಟ್ರೆಂಚಿನ ಅರ್ಧ ಆಳ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. 1.2 ಮೀಟರ್ ಆಳ ಮುಟ್ಟಿದ ಕೂಡಲೇ ಏಣಿ ಇರಬೇಕು, ಅದು ನೆಲದಿಂದ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರಬೇಕು. ಬುಡ ಕೊರೆದು ಮೇಲಿನ ಮಣ್ಣನ್ನು ಬೀಳಿಸುವ ಪದ್ಧತಿಯನ್ನು ಆ ನಿಯಮ ಪೂರ್ತಿಯಾಗಿ ನಿಷೇಧಿಸುತ್ತದೆ. ಅದರಲ್ಲಿ 30 ಮೀಟರಿಗೆ ಒಂದು ಏಣಿ ಎಂದಿದೆ. ನನ್ನ ಅನುಭವದಲ್ಲಿ ಅದು ಸಾಲದು. ಅಮೆರಿಕದ ನಿಯಮದಲ್ಲಿ ಕೆಲಸಗಾರರು 25 ಅಡಿಗಿಂತ ಹೆಚ್ಚು ನಡೆಯದೆ ಏಣಿ ಮುಟ್ಟುವಂತಿರಬೇಕು; ನೀವು ಅದನ್ನೇ ಅನುಸರಿಸಿ. ಎರಡು ಬಿದಿರಿನ ಏಣಿ ಹೆಚ್ಚಿಗೆ ಕಟ್ಟಿಸುವುದು ಮಲೆನಾಡಿನಲ್ಲಿ ಯಾರಿಗೂ ಹೊರೆಯಾಗದು.

ನಿಮ್ಮ ಏಳು ಅಡಿಯ ಟ್ರೆಂಚಿಗೆ ಎರಡು ದಾರಿಗಳಿವೆ. ಜಾಗವಿದ್ದರೆ ಬದಿಗಳನ್ನು ಇಳಿಜಾರು ಮಾಡಿ. ಒದ್ದೆಯಾದ, ಸಡಿಲ ಮಣ್ಣಿಗೆ ಒಂದು ಅಡಿ ಆಳಕ್ಕೆ ಒಂದೂವರೆ ಅಡಿಯಂತೆ ಎರಡೂ ಕಡೆ ಹಿಂದಕ್ಕೆ ಸರಿಯಬೇಕಾಗುತ್ತದೆ. ಅಷ್ಟು ಜಾಗವಿಲ್ಲವಾದರೆ ಆಸರೆ ಕೊಡಿ: ಗೋಡೆಗೆ ದಪ್ಪ ಹಲಗೆಗಳನ್ನು ನೆಟ್ಟಗೆ ಒತ್ತಿ ನಿಲ್ಲಿಸಿ, ಅವಕ್ಕೆ ಅಡ್ಡಲಾಗಿ ಉದ್ದನೆಯ ಪಟ್ಟಿಗಳನ್ನಿಟ್ಟು, ಎದುರು ಬದುರು ಪಟ್ಟಿಗಳ ನಡುವೆ ಗಟ್ಟಿ ಗಳುಗಳನ್ನು ಬಿಗಿಯಾಗಿ ಬಡಿದು ಕೂರಿಸಬೇಕು. ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರದ ಪಟ್ಟಿ) ಸಾಲಾಗಿ ನಿಲ್ಲಿಸಿ ಆಸರೆಯಾಯಿತೆಂದು ತಿಳಿಯುವವರನ್ನು ನೋಡಿದ್ದೇನೆ. ದಬ್ಬೆ ಉದುರುವ ಮಣ್ಣನ್ನು ತಡೆಯಬಲ್ಲದು, ವಾಲುವ ಗೋಡೆಯನ್ನು ಹಿಡಿದು ನಿಲ್ಲಿಸಲಾರದು. ಆ ಕೆಲಸ ಮಾಡುವುದು ಅಡ್ಡ ಗಳು. ಕೂರಿಸುವಾಗ ಮೇಲಿನ ಗಳು ಮೊದಲು, ಕೆಳಗಿನದು ನಂತರ. ತೆಗೆಯುವಾಗ ಮಣ್ಣು ತುಂಬುತ್ತ ಬಂದಂತೆ ಕೆಳಗಿನಿಂದ ಮೇಲಕ್ಕೆ. ಈ ಕ್ರಮ ತಪ್ಪಿದರೆ ಆಸರೆ ಹಾಕುವವರೇ ಆಸರೆಯಿಲ್ಲದ ಗೋಡೆಯ ಕೆಳಗೆ ನಿಂತಂತಾಗುತ್ತದೆ.

ಪ್ರತಿದಿನ ಬೆಳಿಗ್ಗೆ, ಮತ್ತು ಮಳೆ ಬಂದು ನಿಂತಾಗಲೆಲ್ಲ, ತಿಳಿದವರೊಬ್ಬರು ಅಂಚಿನುದ್ದಕ್ಕೂ ನಡೆದು ನೋಡಿದ ಮೇಲೆಯೇ ಜನ ಇಳಿಯಬೇಕು. ಬಿರುಕು ಕಂಡರೆ ಅದಕ್ಕೆ ಮಣ್ಣು ಮೆತ್ತಿ ಮುಚ್ಚಬೇಡಿ. ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದಿಟ್ಟು, ಕೆಲಸ ನಿಲ್ಲಿಸಿ. ಜೆಸಿಬಿ, ಟ್ರ್ಯಾಕ್ಟರುಗಳು ಅಂಚಿನಿಂದ ದೂರವಿರಲಿ, ಅವುಗಳ ಅದುರುವಿಕೆಯೇ ಎಷ್ಟೋ ಸಲ ಗೋಡೆಯನ್ನು ಕೆಡವುತ್ತದೆ. ಐದು ಅಡಿಗಿಂತ ಕಡಿಮೆ ಆಳವಿದ್ದರೆ ಅಪಾಯವಿಲ್ಲ ಎಂದೂ ಭಾವಿಸಬೇಡಿ. ನಾಲ್ಕು ಅಡಿಯ ಕಪ್ಪಿನಲ್ಲಿ ನಿಂತವರ ತಲೆ ಮೇಲಿರುತ್ತದೆ, ಆದರೆ ಕೆಸರು ತೆಗೆಯಲು ಬಗ್ಗಿದಾಗ ಅದೇ ತಲೆ ಅಂಚಿಗಿಂತ ಎರಡು ಅಡಿ ಕೆಳಗಿರುತ್ತದೆ.

ಪ್ರಶ್ನೆ: ಮಣ್ಣು ಕುಸಿದು ಯಾರಾದರೂ ಸಿಕ್ಕಿಕೊಂಡರೆ ಸುತ್ತಲಿನವರು ಮೊದಲು ಏನು ಮಾಡಬೇಕು? (ಸೊರಬ ತಾಲ್ಲೂಕಿನ ಓದುಗರು)

ಉತ್ತರ: ಮೊದಲ ಕೆಲಸ, ಹಿಂದೆಯೇ ಒಳಗೆ ಧುಮುಕುವವರನ್ನು ತಡೆಯುವುದು. ಹೇಳುವುದು ಸುಲಭ, ಒಳಗಿರುವವರು ಅಣ್ಣನೋ ತಮ್ಮನೋ ಆಗಿದ್ದಾಗ ತಡೆಯುವುದು ಬಹಳ ಕಷ್ಟ. ಆದರೂ ತಡೆಯಲೇಬೇಕು, ಏಕೆಂದರೆ ಒಂದು ಕಡೆ ಕುಸಿದ ಗೋಡೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕುಸಿಯುವುದು ಸಾಮಾನ್ಯ. ಯಂತ್ರಗಳನ್ನು ನಿಲ್ಲಿಸಿ, ಜನರನ್ನು ಅಂಚಿನಿಂದ ಹಿಂದಕ್ಕೆ ಸರಿಸಿ, 112ಕ್ಕೆ ಕರೆ ಮಾಡಿ. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101. ಒಳಗೆ ಎಷ್ಟು ಜನರಿದ್ದರು, ಕೊನೆಯ ಬಾರಿ ಎಲ್ಲಿ ನಿಂತಿದ್ದರು ಎಂಬುದನ್ನು ಕಣ್ಣಾರೆ ಕಂಡವರನ್ನು ಅಲ್ಲೇ ಉಳಿಸಿಕೊಳ್ಳಿ.

ಉಳಿದ ಗೋಡೆಗೆ ಹಲಗೆ, ಬಾಗಿಲು, ಸಿಕ್ಕಿದ ಗಳುಗಳಿಂದ ಆಸರೆ ಕೊಟ್ಟ ಮೇಲೆ ಒಬ್ಬಿಬ್ಬರು ಮಾತ್ರ ಹಗ್ಗ ಕಟ್ಟಿಕೊಂಡು ಇಳಿಯಬಹುದು. ಸಿಕ್ಕಿಕೊಂಡವರ ಹತ್ತಿರ ಗುದ್ದಲಿಯಾಗಲಿ ಜೆಸಿಬಿಯಾಗಲಿ ಬೇಡ, ಕೈಯಿಂದ, ತೆಂಗಿನ ಗೆರಟೆಯಿಂದ, ಬುಟ್ಟಿಯಿಂದ ತೆಗೆಯಿರಿ. ಮುಖ ಬಿಡಿಸಿದ ಕೂಡಲೇ ಎದೆಯ ಸುತ್ತಲಿನ ಮಣ್ಣನ್ನು ತೆಗೆಯಬೇಕು. ಮುಖಕ್ಕೆ ಗಾಳಿ ತಾಗುತ್ತಿದ್ದರೂ, ಉಸಿರು ಬಿಟ್ಟಾಗಲೆಲ್ಲ ಮಣ್ಣು ಇನ್ನಷ್ಟು ಒತ್ತಿಕೊಂಡು ಎದೆ ಮತ್ತೆ ಅರಳಲಾಗದೆ ಜೀವ ಹೋಗುವುದುಂಟು. ಅರ್ಧ ಹೂತವರನ್ನು ಹಗ್ಗ ಹಾಕಿ ಎಳೆಯಬೇಡಿ. ಕಾಲು ಬಹಳ ಹೊತ್ತು ಮಣ್ಣಿನಡಿ ನಜ್ಜಾಗಿದ್ದರೆ ಬಿಡಿಸಿದ ನಂತರವೂ ದೇಹಸ್ಥಿತಿ ಏಕಾಏಕಿ ಬಿಗಡಾಯಿಸಬಹುದು. ಎಷ್ಟು ಹೊತ್ತು ಸಿಕ್ಕಿಕೊಂಡಿದ್ದರು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ನಡೆದಾಡುತ್ತಿದ್ದಾರೆಂದು ಮನೆಗೆ ಕಳುಹಿಸಬೇಡಿ.

ಪ್ರಶ್ನೆ: ಮನೆಯ ಮೇಲಿನ ಗುಡ್ಡದಲ್ಲಿ ನೂರು ಇಂಗುಗುಂಡಿ ತೆಗೆಸಿದರೆ ಬೇಸಿಗೆಯಲ್ಲಿ ಬಾವಿ ಬತ್ತುವುದಿಲ್ಲವೆಂದು ಕೇಳಿದ್ದೇನೆ. ಮನೆಯ ಹಿಂದೆ ಹದಿನೈದು ಅಡಿಯ ಧರೆ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ) ಇದೆ, ಅದರ ಬುಡದಲ್ಲೂ ಒಂದು ಚರಂಡಿ ತೋಡಬೇಕೆಂದಿದ್ದೇನೆ. (ತೀರ್ಥಹಳ್ಳಿ ತಾಲ್ಲೂಕಿನ ಇನ್ನೊಬ್ಬ ಓದುಗರು)

ಉತ್ತರ: ಎರಡನ್ನೂ ಸದ್ಯಕ್ಕೆ ನಿಲ್ಲಿಸಿ, ದಯವಿಟ್ಟು ಇದನ್ನು ಪೂರ್ತಿ ಓದಿ.

ನೀರಿಂಗಿಸುವ ಕೆಲಸದ ಬಗ್ಗೆ ನನಗೆ ಗೌರವವಿದೆ. ಇಳಿಜಾರು ಕಡಿಮೆಯಿರುವ, ಕೆಳಗೆ ಮನೆಯಿಲ್ಲದ ಬೋಳುಗುಡ್ಡದಲ್ಲಿ ಮೂರು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿಗಳನ್ನು ಸಮಮಟ್ಟದ ರೇಖೆಯಲ್ಲಿ, ಒಂದು ಸಾಲಿನ ಗುಂಡಿಯ ಕೆಳಗೆ ಮುಂದಿನ ಸಾಲಿನ ಖಾಲಿ ಜಾಗ ಬರುವಂತೆ ತೆಗೆದರೆ ಒಳ್ಳೆಯ ಫಲವಿದೆ. ಮಟ್ಟ ನೋಡಲು ಗಾರೆ ಕೆಲಸದವರ ನೀರು ತುಂಬಿದ ಪೈಪೇ ಸಾಕು. ತೆಗೆದ ಮಣ್ಣನ್ನು ಗುಂಡಿಯ ಕೆಳಬದಿಗೆ ಒಂದು ಅಡಿ ಬಿಟ್ಟು ಹಾಕಬೇಕು.

ಆದರೆ ಲೆಕ್ಕ ನೋಡಿ. ಅಂಥ ಒಂದು ಗುಂಡಿಯಲ್ಲಿ ನಿಲ್ಲುವುದು 750 ಲೀಟರ್ ನೀರು, ನೂರು ಗುಂಡಿಗಳಲ್ಲಿ 75,000 ಲೀಟರ್. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆ ಮೇಲೆ ಸುರಿಯುವ ನೀರು ಸುಮಾರು ನಾಲ್ಕು ಲಕ್ಷ ಲೀಟರ್. ನಮ್ಮ ಕಡೆ ಜುಲೈನಲ್ಲಿ ಅಂಥ ದಿನಗಳು ಒಂದರ ಹಿಂದೊಂದು ಬರುತ್ತವೆ. ಗುಂಡಿಗಳು ಮೊದಲ ದಿನವೇ ತುಂಬಿ, ಆಮೇಲೆ ತಿಂಗಳುಗಟ್ಟಲೆ ತುಂಬಿಕೊಂಡೇ ಇದ್ದು, ಕಡಿದಾದ ಇಳಿಜಾರಿನ ಒಳಮಣ್ಣನ್ನು ಎಡೆಬಿಡದೆ ನೆನೆಸುತ್ತವೆ. ಇಂಗಿದ ನೀರು ಶೇಡಿ ಮಣ್ಣಿನವರೆಗೆ ಅಥವಾ ಬಂಡೆಯವರೆಗೆ ಇಳಿದು, ಮುಂದೆ ದಾರಿ ಸಿಗದೆ ಅಲ್ಲೇ ಸೇರಿದಾಗ ಮೇಲಿನ ಮಣ್ಣಿನ ತೂಕ ಏರುತ್ತದೆ, ಕೆಳಗಿನ ಹಿಡಿತ ಸಡಿಲವಾಗುತ್ತದೆ. ಕೆಳಗೆ ಧರೆ ಕಡಿದಿರುವುದರಿಂದ ಆ ಗುಡ್ಡಕ್ಕೆ ಬುಡದ ಆಸರೆಯೂ ಇಲ್ಲ. ಇಂಥ ಜಾಗದಲ್ಲಿ, ಅಂದರೆ ಕೆಳಗೆ ಕಡಿದ ಧರೆಯೂ ಮನೆಯೂ ಇರುವಲ್ಲಿ, ಒಂದು ಇಂಗುಗುಂಡಿಯನ್ನೂ ತೆಗೆಯಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬಾವಿಗಾಗಿ ಛಾವಣಿಯ ನೀರನ್ನು ಸೋಸಿ ಬಿಡಿ.

ಧರೆಯ ಬುಡ ಅಗೆಯುವುದು ಅದಕ್ಕಿಂತಲೂ ಅಪಾಯಕಾರಿ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನು ಎಲ್ಲರೂ ಕಂಡಿದ್ದೇವೆ. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದು ಅಲ್ಲಿನ ಕುಸಿತಗಳ ಕಾರಣಗಳಲ್ಲಿ ಒಂದು. ನೀವು ಮಾಡಬೇಕಾದದ್ದು ಮೇಲಿನ ಕೆಲಸ. ಧರೆಯ ನೆತ್ತಿಯಿಂದ ಸಾಕಷ್ಟು ಹಿಂದೆ ಆಳವಿಲ್ಲದ ತಡೆಗಾಲುವೆಯೊಂದನ್ನು ತೆಗೆದು, ಅದರ ತಳ ಮತ್ತು ಬದಿಗೆ ಗಾರೆ ಮಾಡಿಸಿ, ಗುಡ್ಡದ ನೀರನ್ನು ಮನೆಯ ಪಕ್ಕದಿಂದ ಹಳ್ಳಕ್ಕೆ ಒಯ್ಯಿರಿ. ಗಾರೆಯಿಲ್ಲದ ತಡೆಗಾಲುವೆ ಇನ್ನೊಂದು ಇಂಗುಗುಂಡಿಯಾಗುತ್ತದೆ. ಧರೆಯ ಮೈಮೇಲೆ ಲಾವಂಚ ನೆಡಿಸಿ. ಬುಡಕ್ಕೆ ತಡೆಗೋಡೆ ಕಟ್ಟಿಸುವುದಾದರೆ ಬೇಸಿಗೆಯಲ್ಲಿ, ಎಂಜಿನಿಯರೊಬ್ಬರು ಜಾಗ ನೋಡಿದ ಮೇಲೆ, ತುಂಡು ತುಂಡಾಗಿ ಅಗೆದು, ಹಿಂದಿನ ನೀರು ಹೊರಬರಲು ತೂತುಗಳನ್ನು ಬಿಟ್ಟು ಕಟ್ಟಿಸಿ.

ಮಳೆಗಾಲದಲ್ಲಿ ನೆತ್ತಿಯ ಮೇಲೆ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ಧರೆಯಿಂದ ಬರುತ್ತಿದ್ದ ತಿಳಿಯಾದ ಒಸರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತುಹೋದರೆ ರಾತ್ರಿಯಾಗಿದ್ದರೂ ಮನೆ ಬಿಟ್ಟು ಹೊರಡಿ. ಮಕ್ಕಳು, ವಯಸ್ಸಾದವರು ಮಲಗುವ ಕೋಣೆ ಧರೆಯ ಕಡೆಗಿದ್ದರೆ ಈ ಮೇ ತಿಂಗಳಲ್ಲೇ ಅದನ್ನು ಮುಂದಿನ ಕೋಣೆಗೆ ಬದಲಾಯಿಸಿ.

ಪ್ರಶ್ನೆ: ತೋಟಕ್ಕೆ ಆನೆ ಬರತೊಡಗಿದೆ. ಬೇಲಿಯ ಹೊರಗೆ ಅಗಳು (ಕಂದಕ) ತೋಡಿಸಿದರೆ ತಡೆಯಬಹುದೇ? (ಶಿವಮೊಗ್ಗ ತಾಲ್ಲೂಕಿನ ಓದುಗರು)

ಉತ್ತರ: ದನಗಳನ್ನು ತಡೆಯುವ ಹಳೆಯ ಅಗಳಿನ ಅಳತೆ ಆನೆಗೆ ಸಾಲದು. ಆನೆ ಕಂದಕಗಳನ್ನು ಸುಮಾರು ಮೂರು ಮೀಟರ್ ಅಗಲ, ಮೂರು ಮೀಟರ್ ಆಳಕ್ಕೆ ತೆಗೆಯುತ್ತಾರೆ. ಹೆಚ್ಚು ಮಳೆಯ ಪ್ರದೇಶದಲ್ಲಿ ಅವು ಹೂಳು ತುಂಬಿ, ಬದಿ ಜರಿದು ಬೇಗ ಕೆಡುತ್ತವೆ. ಆನೆಗಳೇ ಮುಂಗಾಲಿನಿಂದ ಅಂಚಿನ ಮಣ್ಣನ್ನು ಒಳಗೆ ಕೆಡವಿ ದಾರಿ ಮಾಡಿಕೊಂಡು ದಾಟುತ್ತವೆ. ಒಬ್ಬರ ತೋಟದ ಸುತ್ತ ಮಾತ್ರ ತೆಗೆದರೆ ಆನೆ ಪಕ್ಕದವರ ತೋಟಕ್ಕೆ ತಿರುಗುತ್ತದೆ. ಆದ್ದರಿಂದ ಊರಿನವರೆಲ್ಲ ಸೇರಿ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ ಕೊಡುವುದು ಸರಿ. ಕಾಡಿನ ಗಡಿಯಲ್ಲಿ ಸರ್ವೆ ಆಗದೆ, ಅನುಮತಿಯಿಲ್ಲದೆ ಯಂತ್ರ ಇಳಿಸಿದರೆ ಮೊಕದ್ದಮೆಯೂ ಬರಬಹುದು. ತೆಗೆದ ಕಡೆಯೂ, ನೂರಿನ್ನೂರು ಅಡಿಗೆ ಒಂದರಂತೆ ತೋಟದ ಬದಿಗೆ ಸಣ್ಣ ಮೆಟ್ಟಿಲುಗಳನ್ನು ಕಡಿಸಿಡಿ. ರಾತ್ರಿ ಹೊತ್ತು ಆನೆಗೆ ಹೆದರಿ ಓಡುವಾಗ ಅಗಳಿಗೆ ಬೀಳುವುದು ಮನುಷ್ಯರೇ, ಮತ್ತು ಮಳೆಗಾಲದಲ್ಲಿ ಅದರಲ್ಲಿ ಆಳೆತ್ತರ ನೀರು ನಿಂತಿರುತ್ತದೆ.